ಮುಳಬಾಗಿಲಿನಲ್ಲೊಂದು ಫ್ರೆಂಚ್ ಹೆಣ

ನಾನು ಹೆದರುಪುಕ್ಕಲ. ಧೈರ್ಯಸ್ಥರಿಗೆ ಫಜೀತಿಗಳು ಆಗುವುದೇ ಇಲ್ಲವೋ, ಆದರೂ ಅವರು ಲೆಕ್ಕಕ್ಕೆ ತಗೊಳ್ಳುವುದಿಲ್ಲವೋ ಗೊತ್ತಿಲ್ಲ. ನನಗಂತೂ ಒಂದರ ಹಿಂದೆ ಒಂದು ಆಗುತ್ತಲೇ ಇರುತ್ತವೆ. ಹೋದ ಬೇಸಿಗೆಯಲ್ಲಿ ನಾವು ಕೆಲವರು ಸೇರಿ ಒಂದು ಪುಟ್ಟ ಸಿನಿಮಾ ತೆಗೆದೆವು. ಆ ಸಿನಿಮಾ ನೋಡಿ ಜನ ಅಷ್ಟೇನೂ ನಗಲಿಲ್ಲ. ತೆಗೆಯುವಾಗ ಆದದ್ದನ್ನು ಹೇಳಿದರೆ ಮಾತ್ರ ಇವತ್ತಿಗೂ ನಗುತ್ತಾರೆ.

೧. ಬಲ್ಬು ಬೇಡ

ಮುಳಬಾಗಿಲಿನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನನ್ನ ಬಾಲ್ಯದ ಗೆಳೆಯ. ಅವನು ಯಾವುದೋ ಫ್ರೆಂಚ್ ಸಿನಿಮಾ ನೋಡಿ ತಲೆ ಕೆಡಿಸಿಕೊಂಡಿದ್ದ. ಕೊಲೆಯ ಕಥೆ, ಆದರೆ ನಗು ಬರುವ ಕೊಲೆ. ಹಿಮ ಬಿದ್ದು ಬೆಳ್ಳಗಾದ ಒಂದು ಸಣ್ಣ ಊರು. ಬ್ರೆಡ್ಡು ಸುಟ್ಟು ಮಾರುವ ಗಂಡ ಹೆಂಡತಿ. ಅವರ ಕೈತಪ್ಪಿನಿಂದ ಒಬ್ಬ ಗಿರಾಕಿ ಸಾಯುತ್ತಾನೆ. ಹೂಳೋಣ ಅಂದರೆ ಚಳಿಗೆ ನೆಲ ಕಲ್ಲಾಗಿದೆ. ಹೆಣ ಸಾಗಿಸುತ್ತಾ ಊರೆಲ್ಲ ಅಲೆಯುತ್ತಾರೆ, ಎದುರಾದವರೆಲ್ಲ ನಿಲ್ಲಿಸಿ ಕ್ಷೇಮ ವಿಚಾರಿಸುತ್ತಾರೆ. ಅಂಥದ್ದೊಂದನ್ನು ನಾವೂ ಮಾಡಬೇಕು ಅಂತ ಅವನ ಹಟ.

ಒಂದು ಬೆಳಗ್ಗೆ ನಾನು ಗಿರಾಕಿಯೊಬ್ಬರಿಗೆ ಬಲ್ಬು ಹಾಕಿ ತೋರಿಸುತ್ತಿದ್ದೆ. ಸ್ವಲ್ಪ ಮೈಕೈ ತುಂಬಿಕೊಂಡ ಮನುಷ್ಯ. ಮೇಷ್ಟ್ರು ಸೀದಾ ಒಳಗೆ ಬಂದು, "ಎಲ್ಲಾ ಯೋಚನೆ ಮಾಡಿದೀನಿ ಕಣೋ. ಹೆಣ ನಿನ್ನ ವ್ಯಾನಲ್ಲೇ ಸಾಗಿಸೋಣ" ಅಂದ.

ನಾನು ಬಲ್ಬು ಕೆಳಗಿಟ್ಟೆ. "ನನ್ನ ವ್ಯಾನ್ ಬೇಡಪ್ಪ. ಊರಲ್ಲಿ ಎಲ್ಲರಿಗೂ ಗುರುತಿದೆ."

"ಅದು ಆಮೇಲೆ ನೋಡೋಣ. ಮೊದಲು ಸಾಯೋಕೆ ಒಬ್ಬರು ಸಿಗಬೇಕಲ್ಲ. ದಪ್ಪಗಿರೋರೇ ಆಗಬೇಕು, ಹೊರೋವಾಗ ಚೆನ್ನಾಗಿರುತ್ತೆ" ಅನ್ನುತ್ತಾ ಅವನು ಸುಮ್ಮನೆ ಆ ಗಿರಾಕಿಯ ಕಡೆ ನೋಡಿದ.

ಗಿರಾಕಿ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದುಕೊಂಡು, ಹಿಂದೆ ಹಿಂದೆ ಹೆಜ್ಜೆ ಇಟ್ಟು ಮೆಟ್ಟಿಲಿಳಿದರು. "ಬಲ್ಬು ಬೇಡ ಬಿಡಿ ಅಣ್ಣಾ. ನಮಗೆ ಕತ್ತಲೇ ಅಭ್ಯಾಸ ಆಗಿದೆ."

೨. ಬಸ್ಸಿನಲ್ಲಿ ಸಂತಾಪ

ಕೊನೆಗೆ ಹೆಣವಾಗಲು ಒಪ್ಪಿದವರು ನಮ್ಮ ಪಕ್ಕದ ದಿನಸಿ ಅಂಗಡಿಯವರು. ಭಾರಿ ಆಳು, ಅದಕ್ಕೆ ತಕ್ಕ ಮೀಸೆ. ಮಾತಿಲ್ಲದ ಪಾರ್ಟು, ಮಲಗಿದರೆ ಆಯಿತು ಅಂದದ್ದು ಅವರಿಗೆ ಬಹಳ ಹಿಡಿಸಿತು. ಎರಡು ದಿನ ಕಳೆಯುವುದರೊಳಗೆ ನಮ್ಮ ಬಾಯಲ್ಲಿ ಅವರ ಹೆಸರು ಹೋಗಿ 'ಹೆಣ' ನಿಂತಿತು. ಹೆಣಕ್ಕೆ ಕಾಫಿ ಕೊಡಿ, ಹೆಣ ಚಪ್ಪಲಿ ಎಲ್ಲಿ ಬಿಡ್ತು, ಹೀಗೆ. ಅವರ ಹೆಂಡತಿಗೂ ಅದೇ ರೂಢಿಯಾಯಿತು.

ಹಿಮಕ್ಕೆ ಥರ್ಮಾಕೋಲ್ ತರಲು ನಾನು ಕೋಲಾರದ ಬಸ್ಸು ಹತ್ತಿದ್ದೆ. ಹೊತ್ತಿಗೆ ಸರಿಯಾಗಿ ಎಲ್ಲ ನಡೆಯುತ್ತೋ ಇಲ್ಲವೋ ಅನ್ನುವ ಆತಂಕ. ದಿನಸಿಯವರ ಮನೆಗೆ ಫೋನು ಮಾಡಿದೆ. ಬಸ್ಸಿನ ಸದ್ದಿಗೆ ಏನೂ ಕೇಳಿಸದೆ ಸ್ಪೀಕರ್ ಹಾಕಿದೆ.

"ಅಮ್ಮಾ, ಹೆಣ ರೆಡೀನಾ?"

"ಸ್ನಾನ ಆಯ್ತಣ್ಣ. ಪಂಚೆ ಉಡಿಸಿ ಕೂರಿಸಿದೀನಿ. ನೀವು ಬಂದು ಎತ್ಕೊಂಡು ಹೋಗೋದೊಂದೇ ಬಾಕಿ."

ಪಕ್ಕದಲ್ಲಿ ಕೂತಿದ್ದ ಯಜಮಾನರು ತಲೆಯ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ದೂರ ಹೋದ ಮೇಲೆ, "ವಯಸ್ಸೆಷ್ಟಾಗಿತ್ತು?" ಅಂದರು.

ನನ್ನ ತಲೆಯಲ್ಲಿ ಥರ್ಮಾಕೋಲೇ ಓಡುತ್ತಿತ್ತು. "ಐವತ್ತರ ಮೇಲೆ" ಅಂದೆ.

"ಅಯ್ಯೋ ಪಾಪ. ಏನಾಗಿತ್ತು?"

"ಏನೂ ಆಗಿರಲಿಲ್ಲ. ಬೇರೆ ಯಾರೂ ಒಪ್ಪಲಿಲ್ಲ, ಇವರನ್ನ ಕೇಳಿದ್ವಿ, ಒಪ್ಕೊಂಡ್ರು."

ಯಜಮಾನರು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರು. ಇಳಿಯುವಾಗ ಕಂಡಕ್ಟರ್, "ಕೋಲಾರಕ್ಕೆ ಟಿಕೆಟ್ ತಗೊಂಡಿದ್ರಲ್ಲ?" ಅಂದದ್ದಕ್ಕೆ ಅವರು, "ಇಲ್ಲೇ ಇಳೀತೀನಿ ಬಿಡಪ್ಪ, ಅವರು ನನ್ನನ್ನೂ ಕೇಳಿದ್ರೆ ಒಪ್ಕೊಂಡುಬಿಟ್ಟೇನು" ಅಂದರು.

೩. ಆವನಿಯಲ್ಲಿ ಹಿಮ

ಆವನಿ ಹತ್ತಿರ ಬಂಡೆಗಳ ಮಧ್ಯೆ ಒಂದು ಬಯಲು ನೋಡಿದ್ದೆವು. ಏಪ್ರಿಲ್ ಬಿಸಿಲು. ಮೇಷ್ಟ್ರು ಎಲ್ಲರಿಗೂ ಸ್ವೆಟರು, ಮಫ್ಲರು ಹಾಕಿಸಿದ್ದ. ಬ್ರೆಡ್ಡಿನವನ ಪಾರ್ಟು ನನ್ನದೇ. ಚಳಿಗೆ ನಡುಗಬೇಕು ಅಂತ ಅವನು ಹೇಳಿಕೊಡಬೇಕಾಗಿರಲಿಲ್ಲ, ನಾನು ಭಯಕ್ಕೆ ನಡುಗುತ್ತಲೇ ಇದ್ದೆ. ಥರ್ಮಾಕೋಲ್ ಪುಡಿ ಮಾಡಿ ನೆಲದ ತುಂಬ ಹರಡಿದೆವು. ನಡುವೆ ಹೆಣ ಮಲಗಿತು. ಕ್ಯಾಮೆರಾದಲ್ಲಿ ನೋಡಿದರೆ ನಿಜಕ್ಕೂ ಫ್ರಾನ್ಸೇ.

ಅಷ್ಟರಲ್ಲಿ ಗಾಳಿ ಎದ್ದಿತು. ನಮ್ಮ ಹಿಮವೆಲ್ಲ ಎದ್ದು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಇಳಿಯಿತು.

ತೋಟದ ಯಜಮಾನ ಓಡಿ ಬಂದ. ಮನೆಯಲ್ಲಿ ರೇಷ್ಮೆ ಹುಳ ಇನ್ನೇನು ಗೂಡು ಕಟ್ಟುವ ಹೊತ್ತು. ಹೊತ್ತು ಹೊತ್ತಿಗೆ ಸೊಪ್ಪು ಬೀಳದಿದ್ದರೆ ಅಷ್ಟು ದಿನದ ಪಾಡೆಲ್ಲ ಹಾಳು. ಸೊಪ್ಪಿನ ಮೇಲೆಲ್ಲ ಬಿಳೀ ಕಾಳು. ಅವನು ಬೈಯಲೂ ಇಲ್ಲ. "ಇದನ್ನ ತಿಂದ್ರೆ ನನ್ನ ಹುಳ ಉಳೀತಾವಾ ಸಾರ್?" ಅಂತ ಕೇಳಿದ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಶೂಟಿಂಗ್ ಬಿಟ್ಟು ಎಲ್ಲರೂ ತೋಟಕ್ಕಿಳಿದೆವು. ಸ್ವೆಟರು ಬಿಚ್ಚುವಷ್ಟೂ ಪುರಸೊತ್ತಿಲ್ಲ. ಹೆಣವೂ ಎದ್ದು ಬಂತು. ಒಂದೊಂದೇ ಎಲೆ ಹಿಡಿದು ಕಾಳು ಆರಿಸಿ ಚೀಲಕ್ಕೆ ತುಂಬಿದೆವು. ಹೊತ್ತು ಇಳಿಯುವ ಹೊತ್ತಿಗೆ ಹುಳಕ್ಕೆ ಬೇಕಾದಷ್ಟು ಸೊಪ್ಪು ಸ್ವಚ್ಛವಾಯಿತು. ಯಜಮಾನನೂ ಸಮಾಧಾನಗೊಂಡು ಮಜ್ಜಿಗೆ ತರಿಸಿದ. ಏನು ಸಿನಿಮಾ, ಯಾವ ದೇಶದ ಕಥೆ, ಎಲ್ಲ ಕೇಳಿ ತಿಳಿದುಕೊಂಡ. ಆಮೇಲೆ ಬಹಳ ಕಳಕಳಿಯಿಂದ ಕೇಳಿದ: "ಆ ದೇಶದಲ್ಲಿ ಇದು ಪ್ರತಿ ವರ್ಷಾನೂ ಬೀಳುತ್ತೆ ಅಂತೀರಿ. ಅಷ್ಟನ್ನೂ ಯಾರು ಸಾರ್ ಆರಿಸ್ತಾರೆ?"

೪. ನಂಗಲಿ ರಸ್ತೆ

ಕಡೆಯ ದಿನದ ಶೂಟಿಂಗು ನಂಗಲಿ ಕಡೆ. ಅವತ್ತು ಹೆಣದ ಮನೆಯಲ್ಲಿ ಬೇರೆಯೇ ಗಡಿಬಿಡಿ. ಮಗಳನ್ನು ನೋಡಲು ಆಂಧ್ರದ ಪಲಮನೇರಿನಿಂದ ಗಂಡಿನ ಕಡೆಯವರು ಸಂಜೆ ಬರುವವರಿದ್ದರು. ದೊಡ್ಡವರು ಫೋಟೋ ನೋಡಿದ್ದರೇ ಹೊರತು ಮುಖಾಮುಖಿ ಆಗಿರಲಿಲ್ಲ. ಒಳ್ಳೆಯ ಸಂಬಂಧ, ಹುಡುಗ ಹುಡುಗಿ ಇಬ್ಬರಿಗೂ ಇಷ್ಟ.

"ಮಧ್ಯಾಹ್ನ ನನ್ನ ಬಿಟ್ಬಿಡಬೇಕು, ಆಮೇಲೆ ಬೇಕಾದ್ರೆ ನಿಜವಾಗ್ಲೂ ಸಾಯಿಸಿ" ಅಂತ ಹೇಳಿಯೇ ಅವರು ವ್ಯಾನು ಹತ್ತಿದ್ದರು.

ಮಧ್ಯಾಹ್ನವೇ ಮುಗಿಯಿತು. ಆದರೆ ಮೇಷ್ಟ್ರು ಹೆಣದ ಮುಖಕ್ಕೆ ಬಳಿದ ನೀಲಿ ಬಿಳಿ ಬಣ್ಣ ನೀರಿಗೆ ಹೋಗಲಿಲ್ಲ. ಉಜ್ಜಿದಷ್ಟೂ ಮುಖ ಇನ್ನೂ ಹಳೆಯ ಹೆಣದಂತೆ ಕಂಡಿತು, ಹೊತ್ತೂ ಸಂಜೆಯಾಗುತ್ತ ಬಂತು. ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸೋಣ ಅಂತ ಹೊರಟೆವು. ದಾರಿಯಲ್ಲಿ ಜನ ನೋಡಿ ಹೆದರದಿರಲಿ ಅಂತ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮೇಲೊಂದು ಬಿಳೀ ಪಂಚೆ ಹೊದಿಸಿದೆ. ಅದು ನನ್ನ ಬುದ್ಧಿ. ದಣಿದಿದ್ದರು, ನಿದ್ದೆ ಹೋದರು.

ಹೆದ್ದಾರಿಗೆ ಬಂದರೆ ಪೊಲೀಸ್ ತಪಾಸಣೆ. ಮುಂದೆ ಲಾರಿಗಳ ಸಾಲು, ಹಿಂದೆ ಕಾರುಗಳ ಸಾಲು, ತಿರುಗಿಸಲು ಜಾಗವಿಲ್ಲ. ಪೇದೆ ಬಗ್ಗಿ ಕಿಟಕಿಯಲ್ಲಿ ನೋಡಿ, "ಹಿಂದೆ ಏನದು?" ಅಂದರು.

'ಸಿನಿಮಾ ಸಾರ್' ಅನ್ನಬೇಕು ಅಂತಲೇ ಬಾಯಿ ತೆರೆದೆ. ಬಂದದ್ದು ರೂಢಿಯ ಮಾತು. "ಹೆಣ ಸಾರ್."

ಪೇದೆ ಬಾಗಿಲು ಸರಿಸಿ ಪಂಚೆ ಎತ್ತಿದರು. ಮುಖಕ್ಕೆ ಬಿಸಿಲು ಬಿದ್ದು ಹೆಣ ಕಣ್ಣು ಬಿಟ್ಟಿತು, ಎದ್ದು ಕೂತಿತು. "ಬೇಗ ಬಿಡಿ ಸಾರ್, ಮನೆಗೆ ನೆಂಟರು ಬರ್ತಾರೆ" ಅಂದಿತು.

ಪೇದೆ ಅಲ್ಲೇ ರಸ್ತೆಯ ಮೇಲೆ ಕೂತರು. ಲಾರಿಯವರು ಇಳಿದು ಬಂದರು. ಒಬ್ಬ ದೇವರ ಹೆಸರು ಹೇಳುತ್ತಾ ಕೈ ಮುಗಿದ. ಮೇಷ್ಟ್ರು ಪೇದೆಗೆ ನೀರು ಕುಡಿಸುತ್ತಾ, "ಫ್ರಾನ್ಸಲ್ಲಿ ಒಂದು ಊರು ಸಾರ್, ತುಂಬ ಹಿಮ" ಅಂತ ಮೊದಲಿಂದ ಶುರುಮಾಡಿದ. ಹಿಂದಿನ ಕಾರಿನಿಂದ ಇಸ್ತ್ರಿ ಪಂಚೆಯ ಹಿರಿಯರೊಬ್ಬರು ಇಳಿದು, ಜನರನ್ನು ಸರಿಸಿಕೊಂಡು ವ್ಯಾನಿನ ಬಾಗಿಲಿಗೆ ಬಂದರು. ಹೆಣದ ಮೀಸೆಯನ್ನೇ ನೋಡುತ್ತಾ ನಿಂತರು. ಹೆಣವೂ ಅವರನ್ನು ನೋಡಿತು. ಬಣ್ಣದ ಅಡಿಯಲ್ಲೂ ಅದರ ಮುಖ ಬಿಳುಚಿಕೊಂಡದ್ದು ನನಗೆ ಕಂಡಿತು. ಅವರು ಹುಡುಗನ ತಂದೆ.

ಈಗ ಅವರಿಬ್ಬರೂ ಬೀಗರು, ಮದುವೆಯೂ ಚೆನ್ನಾಗಿಯೇ ಆಯಿತು. ಆದರೆ ಆ ಕ್ಷಣದಲ್ಲಿ, ಒಂದು ಹುಡುಗಿಯ ಮದುವೆ ನನ್ನಿಂದ ಮುರಿಯಿತು ಅಂತ ನಾನು ಸ್ಟಿಯರಿಂಗ್ ಮೇಲೆ ತಲೆ ಇಟ್ಟಿದ್ದೆ. ಹಿರಿಯರು ಮೇಷ್ಟ್ರ ಫ್ರಾನ್ಸಿನ ಕಥೆಗೆ ಕಿವಿಗೊಡಲಿಲ್ಲ. ಹೆಣದ ಪಕ್ಕ ಕೂತು, ಅದರ ಕೈಯನ್ನು ತಮ್ಮ ಕೈಯೊಳಗೆ ತಗೊಂಡು ಮೆಲ್ಲಗೆ ಹೇಳಿದರು:

"ಬಾವಗಾರೂ, ನಿಮಗೆ ಶುಗರ್ ಇದೆ ಅಂತ ಮಾತ್ರ ಮದುವೆ ಬ್ರೋಕರು ಹೇಳಿದ್ದ. ಇಷ್ಟು ಇದೆ ಅಂತ ಹೇಳಿರಲಿಲ್ಲ."