ಅವ್ವನ ಹಾಡಿಗೆ ಹತ್ತಿದ ವೈರಸ್

ನನ್ನ ಕಂಪ್ಯೂಟರಿಗೆ ವೈರಸ್ ಬಂದಿರಬಹುದು. ಯಾರೋ ಎಲ್ಲೋ ಕೂತು ನಾನು ಒತ್ತುವ ಒಂದೊಂದು ಕೀಲಿಯನ್ನೂ ಬರೆದುಕೊಳ್ಳುತ್ತಿರಬಹುದು. ಮೊನ್ನೆ ಕರೆಂಟು ಎರಡು ಸಲ ಹೋಗಿ ಬಂದಾಗ ಒಳಗೇನೋ ಸುಟ್ಟಿರಬಹುದು. ಹಾಲ್ ಟಿಕೆಟ್ ಪ್ರಿಂಟ್ ಮಾಡಿಸಲು ಪಕ್ಕದ ಹಾಸ್ಟೆಲಿನವರು ತಂದ ಪೆನ್‌ಡ್ರೈವಿನಲ್ಲಿ ರೋಗವಿದ್ದಿರಬಹುದು. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಮಿನುಗಿದ ಚೌಕವನ್ನು ಮುಚ್ಚಲು ಹೋಗಿ ನಾನೇ ಅಪಾಯಕ್ಕೆ ಬಾಗಿಲು ತೆಗೆದಿರಬಹುದು. ಇಷ್ಟನ್ನೂ ನಾನು ಹಲ್ಲುಜ್ಜುವಷ್ಟರಲ್ಲಿ ಯೋಚಿಸಿ ಮುಗಿಸುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನೋಡಲು, ಟಿಕೆಟ್ ತೆಗೆದುಕೊಂಡ ಬಸ್ಸಿನಿಂದ ಇಳಿದು ವಿದ್ಯಾನಗರದ ಮನೆಗೆ ವಾಪಸು ಬಂದವನು ನಾನು.

ಹಾಗಾಗಿ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯವರೆಲ್ಲ ಸ್ಕೂಟರ್ ತೊಳೆಯುವ ಹೊತ್ತಿಗೆ ನಾನು ಕಂಪ್ಯೂಟರ್ ತೊಳೆಯುತ್ತೇನೆ. ಅದರೊಳಗೆ ರಿಜಿಸ್ಟ್ರಿ ಎಂಬುದೊಂದಿದೆ. ಯಾವ ತಂತ್ರಾಂಶದ ವಾಸ ಎಲ್ಲಿ, ಹಕ್ಕು ಏನು ಎಂದು ಕಂಪ್ಯೂಟರು ತನಗೆ ತಾನೇ ಬರೆದುಕೊಂಡ ಪಹಣಿ ಅದು. ತಾಲ್ಲೂಕು ಕಚೇರಿಯ ಪಹಣಿಗಿಂತಲೂ ಅರ್ಥವಾಗದ್ದು. ಅದರಲ್ಲಿ ಪರಿಚಯವಿಲ್ಲದ ಹೆಸರು ಕಂಡರೆ ತಂತ್ರಾಂಶದ ಸಮೇತ ಹೊರಗೆ ಹಾಕುವುದು ನನ್ನ ನಿಯಮ. “ನಮ್ಮನ್ಯಾಗ ಏನೈತೆ ಅಂತ ಬೇಹುಗಾರ ಬರ್ತಾನ್ರಿ? ನಿಮ್ಮ ಶುಗರ್ ರಿಪೋರ್ಟ್ ಓದಾಕಾ?” ಎಂದು ಹೆಂಡತಿ ಹಂಗಿಸುತ್ತಾಳೆ. ನಾನು ಸ್ಕ್ಯಾನ್ ಶುರು ಮಾಡುತ್ತೇನೆ. ಆ ಕಂಪ್ಯೂಟರಿನಲ್ಲಿ ಅವ್ವ ಇದ್ದಾಳೆ.

ಅವ್ವ ಹದಡಿ ಹಳ್ಳಿಯವಳು. ಸೊಸೆಯಾಗಿ ಬರುವಾಗ ಪಾತ್ರೆಗಿಂತ ಹೆಚ್ಚು ಹಾಡು ತಂದವಳು. ಮನೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ, ಅವಳು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಒಂದೊಂದೇ ಸಾಲು ಹೇಳುವುದು, ನಾನು ಒಂದೇ ಬೆರಳಿನಲ್ಲಿ ಕುಟ್ಟುವುದು.

“ಇದು ಹಾಡ್ತೈತೇನೋ?”

“ಇಲ್ಲವ್ವ, ನೆನಪಿಟ್ಕಂತೈತೆ.”

“ನಂಗಿಂತ ಬೇಷ್ ಐತೆ ಬಿಡು,” ಎಂದು ತನ್ನದೊಂದು ಹಳೇ ಸೀರೆ ಹರಿದು ಅದಕ್ಕೆ ಹೊದಿಸಿದ್ದಳು. ಅವ್ವ ಹೋದಳು. ಸೀರೆಯ ತುಂಡು ಇನ್ನೂ ಇದೆ.

ಹೋದ ತಿಂಗಳು ಹರಿಹರದಿಂದ ಅಕ್ಕ ಫೋನ್ ಮಾಡಿದಳು. ಮಗಳ ಮದುವೆ. “ತಮ್ಮ ಹೊಳೆ ದಾಟಿ ಅಕ್ಕನ್ನ ಕರಿಯಾಕ ಬರ್ತಾನಲ್ಲ, ಆ ಹಾಡು ಬೇಕಪಾ. ಅರಿಶಿಣದ ದಿನ ನಾನೇ ಹಾಡ್ತೀನಿ. ಮೊದಲಿಂದು ನೆನಪೈತೆ, ಮುಂದಿಂದು ಹೋಗೈತೆ. ಬ್ಯಾರೆ ಯಾರಿಗೂ ಬರಲ್ಲ. ನಿನ್ನ ಡಬ್ಬಿಯಾಗ ಐತಲ್ಲ?”

“ಭದ್ರವಾಗೈತಕ್ಕ,” ಎಂದು ಜಂಬದಿಂದ ಹೇಳಿ ಫೈಲ್ ತೆರೆದೆ. ಕನ್ನಡವೇ ಇಲ್ಲ! ಬಾಲ ಬಂದ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕೆ ಹೊತ್ತ ಅಕ್ಷರ, ಪುಟಗಟ್ಟಲೆ. ಮೂರು ಸಲ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ. ವೈರಸ್ ಎಷ್ಟು ಪಾಕಡಾ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಾರನೆಯ ದಿನ ಸಿಪಿಯುವಿಗೆ ಟವೆಲ್ ಸುತ್ತಿ, ಜ್ವರ ಬಂದ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹರಿಹರದ ಬಸ್ ಹತ್ತಿದೆ. ಅಲ್ಲಿ ಖಲೀಲ್ ಸಾಹೇಬರು ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಮೊದಲು ಊರಿಗೆಲ್ಲ ಮದುವೆ ಕಾರ್ಡು ಟೈಪ್ ಮಾಡಿ ಕೊಡುತ್ತಿದ್ದವರು. ಅಕ್ಕನ ಓಣಿಯನ್ನು ತಪ್ಪಿಸಿ, ಸುತ್ತು ಹಾಕಿ ಅವರ ಅಂಗಡಿ ಸೇರಿ, ಅವ್ವನ ಹಾಡಿಗೆ ವೈರಸ್ ಹತ್ತಿದೆ ಎಂದೆ.

ಸಾಹೇಬರು ಕನ್ನಡಕ ಒರೆಸಿಕೊಂಡು ಪರದೆಗೆ ಬಗ್ಗಿದರು. ಆಮೇಲೆ ಆ ಬಾಲಗಳನ್ನೂ ಚುಕ್ಕೆಗಳನ್ನೂ ನೋಡುತ್ತ, ತಡವರಿಸದೆ ಓದತೊಡಗಿದರು: “ಹೊಳಿ ತುಂಬಿ ಬಂದೈತೆ, ತಮ್ಮ ನಿಂತಾನ ದಂಡ್ಯಾಗ...”

ನಾನೂ ಪರದೆಗೆ ಬಗ್ಗಿದೆ. ನನಗೆ ಬಾಲವೇ ಕಂಡಿತು.

“ವೈರಸ್ ಎಲ್ಲೈತ್ರಿ ಸರ? ಇವ್ರು ನಿಮ್ಮ ಅವ್ವಾರು! ಕನ್ನಡ ಅಕ್ಷರ ತೋರ್ಸೋ ಹಳೇ ಫಾಂಟ್ ತೆಗೆದೀರಿ ನೀವು. ಅದಿಲ್ಲಂದ್ರೆ ಹಿಂಗೇ ಕಾಣೋದು. ಕಾರ್ಡ್ ಮಾಡಿ ಮಾಡಿ ನಂಗಿದು ಬಾಯಿಪಾಠ.”

ಅದಕ್ಕೆ ಎರಡು ಭಾನುವಾರ ಮೊದಲು, ರಿಜಿಸ್ಟ್ರಿಯಲ್ಲಿ ಕಂಡ ಹೆಸರಿನ ಪರಿಚಯವಿಲ್ಲವೆಂದು ಕನ್ನಡ ಟೈಪಿಂಗ್ ತಂತ್ರಾಂಶವನ್ನೇ ಹೊರಗೆ ಹಾಕಿದ್ದೆ. ಅದರ ಜೊತೆ ಫಾಂಟೂ ಹೋಗಿತ್ತು.

“ಅರೆ ಸರ, ಕಳ್ಳನ್ನ ಹುಡುಕಾಕ ಹೋಗಿ ಮನಿಯವ್ರನ್ನ ಆಚಿಗೆ ದಬ್ಬೀರಲ್ರಿ!” ಸಾಹೇಬರು ನಗುತ್ತ ಡ್ರಾಯರಿನಿಂದ ಗೀಚು ಬಿದ್ದ ಸಿಡಿ ತೆಗೆದು ಹಾಕಿದರು. “ಚಾ ಕುಡೀರಿ, ಬರ್ತಾರೆ.”

ಚಹಾ ಆರುವ ಮೊದಲೇ ಅಕ್ಷರಗಳೆಲ್ಲ ದುಂಡಗಾಗಿ ಮರಳಿ ಬಂದವು. ಹಾಡಿನಲ್ಲಿ ತಮ್ಮ ಹರಿಗೋಲು ಹತ್ತಿದ, ಮಡಿಲಲ್ಲಿ ಬಾಳೆಹಣ್ಣು ಇಟ್ಟುಕೊಂಡ, ನಡುಹೊಳೆಗೆ ಬಂದ. ಹಾಡು ಅಲ್ಲಿಗೇ ನಿಂತಿತ್ತು. ಅದರ ಕೆಳಗೆ ನಾನೇ ಟೈಪ್ ಮಾಡಿದ ಒಂದು ಸಾಲು: ‘ಉಳಿದದ್ದು ಸ್ಕ್ಯಾನ್ ಮುಗಿದ ಮೇಲೆ.’

ಆ ದಿನ ನೆನಪಾಯಿತು. ಪರದೆಯ ಮೂಲೆಯಲ್ಲಿ ಯಾವುದೋ ಎಚ್ಚರಿಕೆ ಮಿನುಗಿತ್ತು. ನಾನು ಕೈ ಎತ್ತಿ ಅವ್ವನ ಹಾಡು ನಿಲ್ಲಿಸಿದ್ದೆ. ಅವಳು ಉಳಿದ ಅವರೆಕಾಯಿ ಬಿಡಿಸಿ ಮುಗಿಸಿದಳು. ಆಮೇಲೆ ಸಿಪ್ಪೆ ಬಾಚಿಕೊಂಡು ಒಳಗೆ ಹೋದಳು. ಸ್ಕ್ಯಾನ್ ಸಂಜೆಗೆ ಮುಗಿಯಿತು. ಏನೂ ಸಿಗಲಿಲ್ಲ. ನಾನು ನೆಮ್ಮದಿಯಿಂದ ಕಂಪ್ಯೂಟರ್ ಆಫ್ ಮಾಡಿದೆ. ಅವ್ವನನ್ನು ಮತ್ತೆ ಕರೆಯುವುದನ್ನು ಮರೆತೆ.