ಬಲ ಮೈದಾನಕ್ಕೊಬ್ಬ ಬೇಕು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ದೋನ್ಯಾ ಕ್ಲೆತಾಳ ದಿನಸಿ ಅಂಗಡಿಯ ಮುಂದೆ, ಹೆರಿಬೆರ್ತೊ ಕೈಯಲ್ಲಿ ಉಳಿದಿದ್ದ ಕೊನೆಯ ಡಾಮಿನೊ ಬಿಲ್ಲೆಯನ್ನು ಮೇಜಿಗೆ ಕುಟ್ಟಿದ. ಗೆಲ್ಲುವ ಬಿಲ್ಲೆಯನ್ನು ಕುಟ್ಟದೆ ಮೆಲ್ಲಗೆ ಇಟ್ಟರೆ ಅದು ಗೆದ್ದ ಹಾಗೇ ಅಲ್ಲ ಎಂಬುದು ನಮ್ಮ ಬೀದಿಯ ಕಾನೂನು. ಆದರೆ ಅವನು ಅದಕ್ಕೆ ಮುಂಚೆ ಸೋತ ನಾಲ್ಕು ಆಟಗಳ ಸಿಟ್ಟನ್ನೂ ಸೇರಿಸಿ ಕುಟ್ಟಿದ. ಬಿಲ್ಲೆ ಮೇಜಿನ ನಡುವೆ ಬಿತ್ತು, ಬಲಗೈ ಹೆಬ್ಬೆರಳು ಮೇಜಿನ ಕಬ್ಬಿಣದ ಅಂಚಿಗೆ ಬಡಿಯಿತು. "ಗೆದ್ದೆ!" ಎಂದು ಕೂಗಿದವನು ಅದೇ ಉಸಿರಿನಲ್ಲಿ "ಸತ್ತೆ!" ಎಂದೂ ಕೂಗಿದ.

ಬೇರೆ ಯಾರ ಹೆಬ್ಬೆರಳಾಗಿದ್ದರೂ ಒಂದು ತುಂಡು ಐಸ್ ಕೊಟ್ಟು ಆಟ ಮುಂದುವರಿಸುತ್ತಿದ್ದರು. ಆದರೆ ಹೆರಿಬೆರ್ತೊ ನಮ್ಮೂರ ಬೇಸ್‌ಬಾಲ್ ತಂಡವಾದ ಏಡಿಗಳ ಕ್ಯಾಚರ್. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಂದ ಚೆಂಡನ್ನೆಲ್ಲ ಹಿಡಿದು, ಬೇಸ್ ಕದ್ದು ಓಡುವವರನ್ನು ಚೆಂಡೆಸೆದು ಔಟ್ ಮಾಡುವವನು ಅವನೇ. ಮಧ್ಯಾಹ್ನ ಮೂರಕ್ಕೆ ಪಕ್ಕದ ಊರು ಲೊಮಾ ವೆರ್ದೆಯ ಕೊಕ್ಕರೆಗಳ ತಂಡದ ಜೊತೆ ಈ ವರ್ಷದ ಕೊನೆಯ ಆಟವಿತ್ತು. ಹೆಬ್ಬೆರಳು ನೋಡನೋಡುತ್ತ ಬದನೆಕಾಯಿಯ ಬಣ್ಣಕ್ಕೂ ಗಾತ್ರಕ್ಕೂ ಬಂತು. ನೆಲ್ಸಿಡೊ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಹಾರಿಸಿಕೊಂಡು ಹೋದ. ಕರೆದುಕೊಂಡು ಹೋದವನೇ ನಮ್ಮ ಬಲ ಮೈದಾನದ, ಅಂದರೆ ದೂರದ ಬಲಮೂಲೆ ಕಾಯುವ, ಆಟಗಾರ ಎಂಬುದು ಬೈಕು ತಿರುವು ದಾಟಿದ ಮೇಲೆ ಎಲ್ಲರಿಗೂ ಹೊಳೆಯಿತು.

ತಂಡದ ಹದಿಮೂರು ಜನರಲ್ಲಿ ಮೂವರು ಕಡಲ ತೀರದ ಹೋಟೆಲುಗಳಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಈಗ ಇನ್ನಿಬ್ಬರು ಹೋದರು. ಆಟಕ್ಕೆ ಒಂಬತ್ತು ಜನ ಬೇಕು. ಮ್ಯಾನೇಜರ್ ದೋನ್ ಪ್ರಿಸಿಲಿಯಾನೊ, ಉಳಿದ ದಿನಗಳಲ್ಲಿ ಟೈರಿಗೆ ಪಂಕ್ಚರ್ ಹಾಕುವವರು, ಬೆರಳು ಮಡಚಿ ಎಣಿಸಿದರು.

"ಏಳು ಜನ," ಎಂದರು.

"ಎಂಟು," ಎಂದ ಪಕ್ಕದಲ್ಲಿ ನಿಂತಿದ್ದ ವಾರೊ.

ದೋನ್ ಪ್ರಿಸಿಲಿಯಾನೊ ಮತ್ತೆ ಎಣಿಸಿದರು. "ಏಳೇ ಕಣಯ್ಯಾ."

ವಾರೊ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಹನ್ನೊಂದು ವರ್ಷದಿಂದ ಏಡಿಗಳ ಎರಡನೇ ಕ್ಯಾಚರ್. ಆಟಕ್ಕೆ ಮುಂಚೆ ಪಿಚರ್‌ನ ತೋಳು ಬಿಸಿಯಾಗಲೆಂದು ಅವನೆಸೆದ ಚೆಂಡನ್ನು ಹಿಡಿದು ಹಿಡಿದು ಕೊಡುವುದು, ನೀರಿನ ಡ್ರಮ್ಮಿಗೆ ಐಸ್ ತರುವುದು, ಬ್ಯಾಟು ಜೋಡಿಸುವುದು, ಆಮೇಲೆ ಬೆಂಚಿನ ಮೇಲೆ ಕೂರುವುದು. ನಿಜವಾದ ಆಟದಲ್ಲಿ ಅವನು ಒಂದೇ ಒಂದು ಚೆಂಡನ್ನೂ ಹಿಡಿದವನಲ್ಲ. ಹೆರಿಬೆರ್ತೊಗೆ ಹನ್ನೊಂದು ವರ್ಷದಲ್ಲಿ ಒಂದು ಭೇದಿಯೂ ಆಗಿರಲಿಲ್ಲ. ಬುಧವಾರಕ್ಕೆ ವಾರೊಗೆ ನಲವತ್ತು ತುಂಬುತ್ತಿತ್ತು, ನಲವತ್ತಾದವರ ಹೆಸರನ್ನು ಲೀಗಿನವರು ಪುಸ್ತಕದಿಂದ ಹೊಡೆದುಹಾಕುತ್ತಾರೆ. ಹೆಬ್ಬೆರಳು ಊದುತ್ತಿದ್ದುದನ್ನು ನೋಡಿ ವಾರೊಗೆ ಪಾಪ ಎನಿಸಿದ್ದು ನಿಜ, ಜೊತೆಗೆ ಎದೆ ಡವಡವ ಹೊಡೆದುಕೊಂಡದ್ದೂ ನಿಜ.

ದೋನ್ ಪ್ರಿಸಿಲಿಯಾನೊ ಡಾಮಿನೊ ಮೇಜನ್ನೇ ಮೈದಾನ ಮಾಡಿ, ಏಳು ಬಿಯರ್ ಬಾಟಲಿ ಮುಚ್ಚಳಗಳನ್ನು ಅವರವರ ಜಾಗದಲ್ಲಿ ಇಟ್ಟರು. ಕ್ಯಾಚರ್ ಜಾಗ ಖಾಲಿ, ಬಲ ಮೈದಾನ ಖಾಲಿ. ನಮ್ಮಲ್ಲಿ ಬೇಸ್‌ಬಾಲ್ ಆಡಲು ಬಾರದವರು ಇರಬಹುದು, ತಂಡ ನಡೆಸಲು ಬಾರದವರು ಯಾರೂ ಇಲ್ಲ. ಐದೇ ನಿಮಿಷದಲ್ಲಿ ಮೇಜಿನ ಸುತ್ತ ಹದಿನೆಂಟು ತಲೆಗಳಾದವು.

ನಿವೃತ್ತ ಪೋಸ್ಟ್‌ಮನ್ ತೊರಿಬಿಯೊ ಮೂರನೇ ಬೇಸಿನ ಮುಚ್ಚಳವನ್ನು ಕ್ಯಾಚರ್ ಜಾಗಕ್ಕೆ ಸರಿಸಿದ. "ಮುಗೀತು. ಇಷ್ಟಕ್ಕೆ ಯಾಕೆ ಗಲಾಟೆ?"

"ಮೂರನೇ ಬೇಸ್ ನಿಮ್ಮಪ್ಪ ಕಾಯ್ತಾನಾ?" ಎಂದಳು ದೋನ್ಯಾ ಕ್ಲೆತಾ. ಎರಡನೇ ಬೇಸಿನ ಮುಚ್ಚಳವನ್ನು ಮೂರಕ್ಕೆ ತಳ್ಳಿದಳು.

"ಈಗ ಎರಡನೇ ಬೇಸ್ ಖಾಲಿ."

"ಎರಡಕ್ಕೆ ಇವನು." ಯಾರದೋ ಕೈ ನಡುವಿನಿಂದ ಒಂದನ್ನು ಎತ್ತಿಟ್ಟಿತು.

"ಅವನು ಪಿಚರ್ ಕಣ್ರೋ! ಚೆಂಡು ಎಸೆಯೋರು ಯಾರು?"

"ಎರಡನೇ ಬೇಸಿಂದಾನೇ ಎಸೀಲಿ. ತೋಳಲ್ಲಿ ಕಸುವು ಇಲ್ವಾ ಅವನಿಗೆ?"

"ದೋನ್ ಪ್ರಿಸಿಲಿಯಾನೊ, ನಾನು ಕ್ಯಾಚರ್," ಎಂದ ವಾರೊ.

"ಗೊತ್ತು ಕಣೋ. ಸ್ವಲ್ಪ ತಡಿ. ಮೊದಲು ಕ್ಯಾಚರ್ ಜಾಗಕ್ಕೆ ಯಾರನ್ನ ಹಾಕೋದು ಅಂತ ತೀರ್ಮಾನ ಆಗ್ಲಿ."

ಮುಚ್ಚಳಗಳು ಓಡಾಡಿದವು. ಎಡದವನು ಬಲಕ್ಕೆ ಹೋದ, ನಡುವಿನವನು ಎಡಕ್ಕೆ ಬಂದ, ಒಬ್ಬ ಕೆಳಗೆ ಬಿದ್ದು ಮತ್ತೆ ಮೇಲೆ ಬಂದ. ಒಂದು ಘಟ್ಟದಲ್ಲಿ ಮೇಜಿನ ಮೇಲೆ ಎಂಟು ಮುಚ್ಚಳಗಳಿದ್ದವು. "ಒಬ್ಬ ಹೆಚ್ಚಾದ!" ಎಂದು ಎಲ್ಲರೂ ಕೂಗಿದರು. ದೋನ್ ಪ್ರಿಸಿಲಿಯಾನೊ ಕಣ್ಣಲ್ಲಿ ನೀರೇ ತಂದುಕೊಂಡರು. ಅದು ತೊರಿಬಿಯೊ ಆಗತಾನೆ ತೆರೆದ ಬಿಯರಿನ ಮುಚ್ಚಳ ಎಂದು ಗೊತ್ತಾಗುವಷ್ಟರಲ್ಲಿ ಆ ಎಂಟನೆಯವನನ್ನು ಮೊದಲನೇ ಬೇಸಿಗೆ ಹಾಕಿ, ಬ್ಯಾಟಿಂಗಿನಲ್ಲಿ ನಾಲ್ಕನೆಯವನನ್ನಾಗಿಯೂ ಮಾಡಿ ಆಗಿತ್ತು.

ಹನ್ನೊಂದೂವರೆಗೆ ಯಾವ ಮುಚ್ಚಳ ಯಾರು ಎಂಬುದೇ ಯಾರಿಗೂ ತಿಳಿಯದಾಯಿತು. ಆಗ ವಾರೊ ಹನ್ನೊಂದು ವರ್ಷದಲ್ಲಿ ಮೊದಲ ಸಲ ದನಿ ಏರಿಸಿದ.

"ಎಲ್ಲರೂ ಅವರವರ ಜಾಗದಲ್ಲೇ ಇರಲಿ! ನಾನು ಕ್ಯಾಚರ್ ಆಗ್ತೀನಿ. ಬಲ ಮೈದಾನಕ್ಕೊಬ್ಬನ್ನ ಎಲ್ಲಿಂದಾದ್ರೂ ನಾನೇ ಕರ್ಕೊಂಡು ಬರ್ತೀನಿ. ಒಂಬತ್ತಾಯ್ತಲ್ಲ?"

ದೋನ್ ಪ್ರಿಸಿಲಿಯಾನೊ ವಾರೊನನ್ನು ಹೊಸಬನನ್ನು ನೋಡುವಂತೆ ನೋಡಿದರು.

"ಹಾಗಾದ್ರೆ ಪಿಚರ್ ತೋಳು ಬಿಸಿ ಮಾಡೋರು ಯಾರು?" ಎಂದು ಕೇಳಿದರು. ಆಮೇಲೆ ತಾವೇ ಯೋಚಿಸಿ, "ಎರಡೂವರೆಗೆ ಅಂಪೈರ್ ಕೈಗೆ ಪಟ್ಟಿ ಕೊಡ್ಬೇಕು. ಅಷ್ಟರೊಳಗೆ ಮನುಷ್ಯನ್ನ ತಂದ್ರೆ ನೀನೇ ಕ್ಯಾಚರ್. ಈ ಮೇಜಿನ ಮೇಲೆ ಆಣೆ," ಎಂದರು.

ವಾರೊ ಓಡಿದ. ಬ್ರೆಡ್ ಸುಡುವ ಕೆಲಸದವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ಅವನ ಹೆಂಡತಿ ಬಾಗಿಲಲ್ಲೇ ಪೊರಕೆ ತೋರಿಸಿದಳು. ಹಿಂದೆ ಚೆನ್ನಾಗಿ ಆಡುತ್ತಿದ್ದ ಒಬ್ಬ ಈಗ ಪಾದ್ರಿಯಾಗಿದ್ದ. ಭಾನುವಾರ ಬ್ಯಾಟು ಹಿಡಿಯುವುದು ಪಾಪ ಎಂದ, ಕಾಲು ಗಂಟೆ ಪ್ರಾರ್ಥನೆ ಮಾಡಿ ಕಳಿಸಿದ. ಫ್ಯಾಕ್ಟರಿಯ ಕಾವಲುಗಾರ ಬರುತ್ತೇನೆ ಎಂದ, ಆದರೆ ಅವನಿಗೆ ಎಡಗಣ್ಣು ಕಾಣಿಸುತ್ತಿರಲಿಲ್ಲ. ಒಂದೂಮುಕ್ಕಾಲಾಯಿತು. ಆಗ ವಾರೊಗೆ ತನ್ನ ಹೆಂಡತಿ ದಾಮಾರಿಸ್‌ಳ ಚಿಕ್ಕಪ್ಪನ ಮಗ ಫೆರ್ಮಿನ್ ನೆನಪಾದ.

ಫೆರ್ಮಿನ್ ನಮ್ಮೂರಿಗೂ ಲೊಮಾ ವೆರ್ದೆಗೂ ನಡುವಿನ ಕೂಡುರಸ್ತೆಯಲ್ಲಿ ಅನಾನಸ್ ಮಾರುತ್ತಾನೆ. ಒಳ್ಳೆಯವನು, ಇಲ್ಲ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇಲ್ಲ. ವಾರೊ ಬಾಡಿಗೆ ಬೈಕಿನಲ್ಲಿ ಅಲ್ಲಿಗೆ ಹೋದಾಗ ಫೆರ್ಮಿನ್ ಗಾಡಿಗೆ ಟಾರ್ಪಾಲು ಹೊದಿಸಿ, ಮುಳ್ಳಿನ ಬೂಟು ಹಾಕಿಕೊಂಡು, ಕಂಕುಳಲ್ಲಿ ಗ್ಲೌಸ್ ಇಟ್ಟುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದ.

"ಫೆರ್ಮಿನ್! ಮೂರು ಗಂಟೆಗೆ ನಮ್ಮೂರ ಮೈದಾನದಲ್ಲಿ ಆಟ. ಬಲ ಮೈದಾನಕ್ಕೆ ಬರ್ತೀಯೇನೋ?"

"ಅಯ್ಯೋ ಭಾವಾ, ಅಲ್ಲಿಗೇ ಹೊರಟಿದೀನಿ! ಒಳ್ಳೇ ಹೊತ್ತಿಗೆ ಬೈಕ್ ತಂದೆ."

ಬೂಟು ಯಾಕೆ, ಗ್ಲೌಸ್ ಯಾಕೆ, ಹೊರಟದ್ದು ಯಾಕೆ ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ವಾರೊಗೆ ಅವತ್ತು ಕೇಳುವ ವ್ಯವಧಾನವಿರಲಿಲ್ಲ. ದೇವರು ಕೊನೆಗೂ ತನ್ನ ಕಡೆ ತಿರುಗಿದ ಎಂದುಕೊಂಡ. ಎರಡು ಇಪ್ಪತ್ತೈದಕ್ಕೆ ಅಂಪೈರ್ ಬಾಸಿಲಿಯೊ ಕೈಗೆ ನಮ್ಮ ಪಟ್ಟಿ ಸೇರಿತು. ಕ್ಯಾಚರ್: ಎವಾರಿಸ್ತೊ ಪೋಲಾಂಕೊ. ವಾರೊನ ಪೂರ್ತಿ ಹೆಸರು ಅದು ಎಂದು ಊರಿನ ಅರ್ಧ ಜನರಿಗೆ ಅವತ್ತೇ ಗೊತ್ತಾದದ್ದು.

ಅವನು ಮೊಣಕಾಲಿಗೆ, ಎದೆಗೆ ಕವಚ ಕಟ್ಟಿಕೊಂಡ, ಮುಖವಾಡ ಏರಿಸಿದ. ದಾಮಾರಿಸ್ ನೆರೆಹೊರೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೂರು ಗಂಟೆಗೆ ವಾರೊ, ಬ್ಯಾಟು ಹಿಡಿದವನು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಆದರೆ ಬ್ಯಾಟು ಹಿಡಿದು ಯಾರೂ ಬರಲಿಲ್ಲ. ಕೊಕ್ಕರೆಗಳ ಮ್ಯಾನೇಜರ್ ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ.

"ನಾವು ಎಂಟೇ ಜನ ಇದೀವಿ," ಎಂದ ಅಂಪೈರಿಗೆ. "ನಮ್ಮವನೊಬ್ಬ ಮಾವಿನ ಮರದಿಂದ ಬಿದ್ದು ಕಾಲು ಮುರ್ಕೊಂಡ. ಬದಲಿಗೆ ಒಬ್ಬನಿಗೆ ಬೆಳಿಗ್ಗೇನೇ ಹೇಳಿದೀನಿ, ಪಟ್ಟೀಲೂ ಬರ್ದಿದೀನಿ. ದಾರೀಲಿದಾನೆ ಅಂತ ಕಾಣತ್ತೆ." ಹೀಗೆನ್ನುತ್ತ ಅವನ ಕಣ್ಣು ನಮ್ಮ ಬಲ ಮೈದಾನದ ಕಡೆ ಹೊರಳಿತು. "ಏ ಫೆರ್ಮಿನ್! ಅಲ್ಲೇನೋ ಮಾಡ್ತಿದೀಯ?"

ಫೆರ್ಮಿನ್ ಅಲ್ಲಿಂದಲೇ ಖುಷಿಯಿಂದ ಕೈ ಬೀಸಿದ. "ನಾನಾಗ್ಲೇ ಬಂದಾಯ್ತು! ನೀವೇ ಲೇಟು!"

ಆಮೇಲೆ ನಡೆದ ಗಲಾಟೆಯಲ್ಲಿ ಯಾರು ಯಾರಿಗೆ ಬೈದರೆಂಬ ಲೆಕ್ಕ ಸಿಗಲಿಲ್ಲ. ಫೆರ್ಮಿನ್‌ನನ್ನು ಎಳೆದು ತಂದು ನಡುವೆ ನಿಲ್ಲಿಸಿದರು.

"ಇಬ್ಬರಿಗೂ ಹ್ಞೂ ಅಂದ್ಯಾ?" ಎಂದ ಕೊಕ್ಕರೆಗಳ ಮ್ಯಾನೇಜರ್.

"ನೀವು ಹೇಳಿದ್ದು ಮೂರು ಗಂಟೆ, ಬಲ ಮೈದಾನ. ಭಾವ ಹೇಳಿದ್ದೂ ಮೂರು ಗಂಟೆ, ಬಲ ಮೈದಾನ. ಒಂದೇ ವಿಷಯಾನ ಇಬ್ರೂ ಹೇಳ್ತಿದ್ದಾರೆ ಅಂದ್ಕೊಂಡೆ." ಫೆರ್ಮಿನ್ ಸುತ್ತಲಿನ ಮುಖಗಳನ್ನು ನೋಡಿ ಸಮಾಧಾನ ಹೇಳಿದ: "ಅದಕ್ಯಾಕೆ ಜಗಳ? ನಾನು ಬಲ ಮೈದಾನದಲ್ಲೇ ನಿಂತಿರ್ತೀನಿ. ನಿಮ್ಮ ಸರದಿಗೆ ನಿಮ್ಮವನು, ಅವರ ಸರದಿಗೆ ಅವರವನು. ನೀವು ನೀವು ಬದಲಾಯಿಸ್ಕೊಳ್ಳಿ."

ಎಲ್ಲರಿಗೂ ಒಂದು ಕ್ಷಣ ಇದು ಸರಿ ಎನಿಸಿಬಿಟ್ಟಿತು. ಅಂಪೈರ್ ನಿಯಮದ ಪುಸ್ತಕ ತೆಗೆದೇಬಿಟ್ಟ.

"ಬ್ಯಾಟಿಂಗ್?" ಎಂದು ಕೇಳಿದ.

"ಎರಡೂ ಕಡೆಗೆ ಮಾಡ್ತೀನಿ."

"ನೀನು ಹೊಡೆದ ಚೆಂಡು ಬಲ ಮೈದಾನಕ್ಕೇ ಹೋದ್ರೆ?"

"ನಾನೇ ಓಡಿ ಹಿಡೀತೀನಿ," ಎಂದ ಫೆರ್ಮಿನ್.

"ಸರಿಯಾಗೇ ಇದೆಯಲ್ಲ! ಶುರು ಮಾಡಿ!" ಎಂದು ವಾರೊ ಅಂಗಲಾಚಿದ. ಅಂಪೈರ್ ಪುಸ್ತಕ ಮುಚ್ಚಿ ತೀರ್ಪು ಹೇಳಿದ. ಏಡಿಗಳ ಪಟ್ಟಿ ಎರಡು ನಿಮಿಷ ಮುಂಚೆ ಬಂದಿದೆ, ಆದ್ದರಿಂದ ಫೆರ್ಮಿನ್ ಏಡಿಗಳವನು. ಪಟ್ಟಿ ಕೊಡುವ ಹೊತ್ತು ಮುಗಿದಿದೆ, ಹೊಸಬರಿಗೆ ಅವಕಾಶವಿಲ್ಲ. ಹದಿನೈದು ನಿಮಿಷದಲ್ಲಿ ಒಂಬತ್ತನೆಯವನು ಇಲ್ಲದಿದ್ದರೆ ಕೊಕ್ಕರೆಗಳು ಸೋತ ಹಾಗೆ.

"ಅವರಿಗೇ ಕೊಟ್ಬಿಡಿ ಅವನನ್ನ!" ಎಂದು ಕೂಗಿದ ವಾರೊ.

ದೋನ್ ಪ್ರಿಸಿಲಿಯಾನೊ ಓಡಿಬಂದು ಮುಖವಾಡದ ಮೇಲೆಯೇ ಅವನ ಬಾಯಿ ಮುಚ್ಚಿದರು. "ಕೊಟ್ರೆ ನಾವು ಎಂಟಾಗ್ತೀವಿ ಮಾರಾಯಾ! ಆಗ ನಾವು ಸೋತ ಹಾಗೆ!"

"ನೆಲ್ಸಿಡೊ ಹೆಸರೂ ಪಟ್ಟೀಲಿದೆ. ಅವನು ಬಂದ್ರೆ?"

"ಬಂದ್ರೆ ಕೊಡೋಣ, ನನ್ನದೇನು ತಕರಾರು," ಎಂದರು ದೋನ್ ಪ್ರಿಸಿಲಿಯಾನೊ. ಅವನು ಬರುವುದಿಲ್ಲ ಎಂದು ಅವರಿಗೆ ನೂರಕ್ಕೆ ನೂರು ನಂಬಿಕೆಯಿತ್ತು.

ಹದಿನೈದು ನಿಮಿಷ ನಮ್ಮೂರಿನವರೆಲ್ಲ ಗಡಿಯಾರ ನೋಡಿದರು, ವಾರೊ ಮಾತ್ರ ರಸ್ತೆ ನೋಡಿದ. ಒಂದು ಬೈಕಿನ ಸದ್ದಾಯಿತು; ಕೋಳಿ ಮಾರುವವನು. ಇನ್ನೊಂದಾಯಿತು, ಗ್ಯಾಸ್ ಸಿಲಿಂಡರಿನವನು. ಅವನು ಕುಕ್ಕರಗಾಲು ಬಿಡದೆ ಕೂತೇ ಇದ್ದ, ಎದ್ದರೆ ಆ ಜಾಗವೂ ಹೋದೀತೆಂಬ ಹೆದರಿಕೆಯಿಂದ. ಮೂರೂಕಾಲಿಗೆ ಅಂಪೈರ್ ಕೈ ಎತ್ತಿದ. ಏಡಿಗಳಿಗೆ ಗೆಲುವು, ಆಡದೆ ಸೋತವರಿಗೆ ಲೀಗು ಬರೆಯುವ ಲೆಕ್ಕದಂತೆ ಒಂಬತ್ತು-ಸೊನ್ನೆ. ಆಟ ನಡೆಯದ್ದರಿಂದ ಲೀಗಿನ ಪುಸ್ತಕದಲ್ಲಿ ಆಟಗಾರರ ಹೆಸರು ಬರೆಯುವಂತಿಲ್ಲ.

ಮೈದಾನಕ್ಕೆ ಜನ ನುಗ್ಗಿದರು. "ಎದುರಾಳಿಯ ಒಂಬತ್ತನೆಯವನನ್ನೇ ಕದ್ಕೊಂಡು ಬಂದ್ಬಿಟ್ಯಲ್ಲೋ ಕಳ್ಳಾ!" ಎಂದು ತೊರಿಬಿಯೊ ವಾರೊನನ್ನು ತಬ್ಬಿಕೊಂಡ. "ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತು ಸುಮ್ನೆ ಅಲ್ಲ, ತಲೆ ಓಡಿಸ್ತಿದ್ದ ನಮ್ಮ ವಾರೊ!" ಎಂದಳು ದೋನ್ಯಾ ಕ್ಲೆತಾ. ನನಗೆ ಗೊತ್ತಿರಲಿಲ್ಲ ಎಂದು ವಾರೊ ಮೂರು ಸಲ ಹೇಳಿದ. ಅವನ ವಿನಯ ನೋಡಿ ಜನ ಇನ್ನಷ್ಟು ನಕ್ಕರು, ಕವಚ ಸಮೇತ ಅವನನ್ನು ಹೆಗಲಿಗೇರಿಸಿದರು.

ಮೂರು ಹದಿನೇಳಕ್ಕೆ ನೆಲ್ಸಿಡೊನ ಬೈಕು ಗೇಟಿನೊಳಗೆ ಬಂತು. "ದಾರೀಲಿ ಒಂದೊಂದು ಹುರಿದ ಮೀನು ತಿಂದ್ವಿ, ಲೇಟಾಯ್ತಾ?" ಎಂದು ಕೇಳಿದ. ಈಗ ಯಾರಿಗೂ ಅವನು ಬೇಕಿರಲಿಲ್ಲ.

"ಮುಂದಿನ ವರ್ಷದಿಂದ ನಿನಗೆ ಈ ಕವಚ, ಮುಖವಾಡದ ರಗಳೆಯೇ ಬೇಡ," ಎಂದು ದೋನ್ ಪ್ರಿಸಿಲಿಯಾನೊ ಕೆಳಗಿನಿಂದ ವಾರೊನ ಕಾಲು ಹಿಡಿದು ಕೂಗಿದರು. "ಪ್ರತಿ ಭಾನುವಾರ ಎದುರು ತಂಡದಿಂದ ಒಬ್ಬನ್ನ ತಂದ್ಕೊಟ್ರೆ ಸಾಕು!"

ವಾರೊ ಮುಖವಾಡ ತೆಗೆಯಲಿಲ್ಲ. ಅದರೊಳಗಿನಿಂದ ಇಳಿದದ್ದನ್ನು ಬೆವರು ಎಂದುಕೊಂಡರು ಎಲ್ಲರೂ. ದಾಮಾರಿಸ್ ಒಬ್ಬಳು ಚಪ್ಪಾಳೆ ನಿಲ್ಲಿಸಿದಳು. ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತಾಗ ಆಗದಿದ್ದ ನೋವು ಅವನಿಗೆ ಆ ಅರ್ಧ ಗಂಟೆ ಜನರ ಹೆಗಲ ಮೇಲೆ ಕೂತಾಗ ಆಯಿತು. ಇಳಿಸಿ ಎಂದು ಬೇಡಿಕೊಂಡ. ಅವರು ಇನ್ನೂ ಒಂದು ಸುತ್ತು ಹಾಕಿದರು.