ವಿಭೂತಿ ಗೆರೆಗೆ ಕೂಡಿಸಿದ ಬೆಲ್ಟ್

ಗಾಡಿ ತಾನಾಗಿ ಕೆಡುವುದು ಒಂದು ಸಲ. ಯಾಕೆ ಕೆಟ್ಟಿತೆಂದು ಹೇಳಲು ನಾನು ನಿಂತರೆ ಇನ್ನೂ ನಾಲ್ಕು ಸಲ ಕೆಡುತ್ತದೆ. ರೋಣದಲ್ಲಿ ನಲವತ್ತು ವರ್ಷದಿಂದ ಗ್ಯಾರೇಜು ಇಟ್ಟಿದ್ದೇನೆ. ಇಂಥವು ಬಹಳ. ಒಂದೇ ಗಾಡಿಯವನ್ನು ಹೇಳುತ್ತೇನೆ.

೧. ಸುಣ್ಣದ ಗುರುತು

ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ತಮ್ಮ ಡೀಸೆಲ್ ಗಾಡಿ ತಂದರು. ಗಾಡಿಯೇ ಅವರ ಅಂಗಡಿ. ಸೀರೆ ಗಂಟು ಹಾಕಿಕೊಂಡು ಊರೂರ ಸಂತೆಗೆ ಹೋಗುತ್ತಾರೆ.

"ಟೈಮಿಂಗ್ ಬೆಲ್ಟ್ ಹಳೇದಾಗೇತಿ ಕಾಕಾ. ಮಂದಿ ಗದಗಿಗೆ ಒಯ್ಯಿ ಅಂದ್ರು. ನಿಮ್ಮ ಕೈ ಬಿಟ್ಟು ನಾ ಯಾರನ್ನೂ ನಂಬೂದಿಲ್ರಿ."

"ಹೂಂ" ಅಂದೆ.

ನಾನು ಟ್ರ್ಯಾಕ್ಟರ್ ಮನುಷ್ಯ. ಬೆಲ್ಟ್ ಬದಲಿಸಿದ್ದು ಅಲ್ಲಿಯವರೆಗೆ ಎರಡು ಸಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೆಲಸ ಇಷ್ಟೇ. ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಂದ ಬರುತ್ತದೆ, ವಾಲ್ವ್ ಮೇಲಿಂದ ಇಳಿಯುತ್ತದೆ. ಒಂದು ಬಂದಾಗ ಇನ್ನೊಂದು ಸರಿದಿರಬೇಕು. ಆ ಸರದಿ ಕಾಯುವುದು ಬೆಲ್ಟ್. ಅದಕ್ಕೆ ಬೆಲ್ಟ್ ಸುತ್ತುವ ಗಾಲಿಯ, ಅಂದರೆ ಪುಲ್ಲಿಯ ಮೇಲೆ ಕಂಪನಿಯವರು ಸಾಸಿವೆಯಷ್ಟು ಗುರುತು ಕೊರೆದಿರುತ್ತಾರೆ. ನನ್ನ ಕಣ್ಣಿಗೆ ಅದು ಕಾಣುವುದಿಲ್ಲ. ಬೆರಳಿನಿಂದ ತಡವಿ ಹುಡುಕಿ, ತಂಬಾಕಿನ ಡಬ್ಬಿಯಿಂದ ಸುಣ್ಣ ತೆಗೆದು ಅದರ ಮೇಲೆ ಒಂದು ಗೆರೆ ಎಳೆದೆ. ಹಳೆ ಬೆಲ್ಟ್ ಬಿಚ್ಚಿ ಊಟಕ್ಕೆ ಹೋದೆ.

ಅಂದು ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಹತಾರಗಳ ಪೂಜೆ ತಪ್ಪುವುದಿಲ್ಲ. ನಾನು ಉಣ್ಣುವಾಗ ಹೆಂಡತಿ ಗ್ಯಾರೇಜಿಗೆ ಹೋಗಿ ಜಾಕು, ಪಾನಾ, ಬಾನೆಟ್ ತೆರೆದಿದ್ದ ಇಂಜಿನ್ನು ಎಲ್ಲವನ್ನೂ ಒದ್ದೆ ಅರಿವೆಯಿಂದ ಒರೆಸಿ ವಿಭೂತಿ ಹಚ್ಚಿ ಬಂದಳು. ಪುಲ್ಲಿ ದುಂಡಗಿತ್ತು, ಹಣೆಯಂತೆ ಕಂಡಿತಂತೆ. ಅದಕ್ಕೂ ಮೂರು ಬೆರಳು.

ನಾನು ಬಂದು ನೋಡಿದರೆ ಬಿಳಿ ಗೆರೆ ಮೂರು. ಸುಣ್ಣ ಹರಡಿದೆ ಅಂದುಕೊಂಡೆ. ನಡುವಿನದನ್ನು ಹಿಡಿದು ಬೆಲ್ಟ್ ಕೂಡಿಸಿದೆ.

ಕೂಡಿಸಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕು. ಅದು ಹೊಸಬರಿಗೆ ಇರುವ ನಿಯಮ. ನಾನು ನೇರ ಕೀಲಿ ತಿರುಗಿಸಿದೆ.

೨. ಕಿವಿ

ಇಂಜಿನ್ ನಾಲ್ಕು ಸಲ ಕಟಕಟ ಅಂದಿತು. ಆಮೇಲೆ ಬರೀ ಸುತ್ತಿತು, ಹತ್ತಲಿಲ್ಲ. ಚಹಾದಂಗಡಿಯಿಂದ ಐದಾರು ಮಂದಿ ಎದ್ದು ಬಂದರು.

ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿಕೆ ಕಿವಿಗೆ ಹಚ್ಚಿ ರೋಗ ಹೇಳುವುದರಲ್ಲಿ ನನಗೆ ಹೆಸರಿದೆ. ಹಚ್ಚಿದೆ. ಕಣ್ಣು ಮುಚ್ಚಿದೆ.

"ಏನ್ ಅಂತೈತ್ರಿ ಕಾಕಾ?" ಒಬ್ಬ ಕೇಳಿದ.

"ಡೀಸೆಲ್ ಸಾಲವಲ್ದು."

ಎಲ್ಲರೂ ತಲೆಯಾಡಿಸಿದರು. ಟ್ಯಾಂಕ್ ಬಿಚ್ಚಿ ತೊಳೆದೆ, ಫಿಲ್ಟರ್ ಬದಲಿಸಿದೆ. ಎರಡು ದಿನ ಹೋಯಿತು. ಗಾಡಿ ಹತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಳು: "ಯಾವ ಕಿವಿಗೆ ಹಚ್ಚಿದ್ರಿ?"

"ಎಡದ್ದು."

"ಆ ಕಿವೀಲೆ ನಾ ಕರದ್ರ ಹತ್ತು ವರ್ಷಾತು ಕೇಳವಲ್ದು. ಇಂಜಿನ್ ಕರದ್ರ ಕೇಳತೈತೇನು?"

೩. ಬ್ಯಾಟರಿ

ಹಾಗಾದರೆ ಬ್ಯಾಟರಿ ಅಂದೆ. ಪರಿಚಯದ ರೈತನೊಬ್ಬನ ಟ್ರ್ಯಾಕ್ಟರಿನ ಬ್ಯಾಟರಿ ತಂದು ಹಚ್ಚಿದೆ. ಇಂಜಿನ್ ಗಿರ್ರನೆ ತಿರುಗಿತು. ಯಾವತ್ತೂ ಅಷ್ಟು ಹಗುರಾಗಿ ತಿರುಗಿರಲಿಲ್ಲ.

"ನೋಡು, ಎಷ್ಟು ಚಲೋ ತಿರಗತೈತಿ" ಎಂದು ಬ್ಯಾಟರಿಯ ಜೊತೆಗೇ ಬಂದಿದ್ದ ರೈತನಿಗೆ ಹೇಳಿದೆ.

ಒಳಗೆ ಗಾಳಿ ಹಿಡಿಯುವ ಇಂಜಿನ್ನು ತಿರುಗಲು ತಿಣುಕಬೇಕು. ಹಗುರಾಗಿ ತಿರುಗಿತೆಂದರೆ ಗಾಳಿ ಸೋರುತ್ತಿದೆ, ವಾಲ್ವ್ ಹೋಗಿದೆ ಎಂದರ್ಥ. ಇದನ್ನು ಎಷ್ಟೋ ಮಂದಿಗೆ ಕಲಿಸಿದ್ದೇನೆ. ಆ ರೈತನಿಗೂ ಕಲಿಸಿದ್ದೆ. ಅವನೇ ಹೇಳಿದ: "ನೀವ ಹೇಳಿದ್ರಲ್ಲ ಕಾಕಾ, ಹಗುರ ತಿರುಗಿದ್ರ ವಾಲ್ವ್ ಹೋಗೇತಂತ ತಿಳೀಬೇಕಂತ."

"ಅದು ಟ್ರ್ಯಾಕ್ಟರಿಗೆ" ಅಂದೆ.

೪. ನರಗುಂದದಿಂದ ಬಂದವನು

ಉಳಿದದ್ದು ಬೆಲ್ಟ್. ಅದನ್ನು ಕೊಟ್ಟಿದ್ದ, ನರಗುಂದದಲ್ಲಿ ಬಿಡಿಭಾಗ ಮಾರುವವನಿಗೆ ಫೋನ್ ಹಚ್ಚಿದೆ. "ಡುಪ್ಲಿಕೇಟ್ ಮಾಲು ಕೊಟ್ಟೀಯಲೇ" ಅಂದೆ. ಸಂಜೆಗೆ ಬೈಕಿನ ಮೇಲೆ ಬಂದೇಬಿಟ್ಟ. ಹಳೆ ಬೆಲ್ಟ್, ಹೊಸ ಬೆಲ್ಟ್ ಎರಡನ್ನೂ ಕಟ್ಟೆಯ ಮೇಲೆ ಹಾಸಿ ಹಲ್ಲು ಎಣಿಸಿದ. ಸರಿ ಇತ್ತು. ಎದ್ದು ಪುಲ್ಲಿ ನೋಡಿದ.

"ಕಾಕಾ, ಗುರ್ತು ಒಂದ ಇರತೈತಿ. ಇಲ್ಲಿ ಮೂರು ಅದಾವು."

"ಸುಣ್ಣ ಹರಡೇತಿ."

ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. "ವಿಭೂತಿ ಐತ್ರಿ."

ಇಂಜಿನ್ನಿನ ತಲೆ ಬಿಚ್ಚಿದೆವು. ಎಂಟು ವಾಲ್ವ್. ಎಂಟೂ ಸೊಂಟ ಬಗ್ಗಿಸಿ ನಿಂತಿದ್ದವು. ಪಿಸ್ಟನ್ನಿನ ಮೇಲೆ ವಾಲ್ವ್ ಬಡಿದು ಅರ್ಧಚಂದ್ರದ ಕಲೆ.

ಅವನು ಬಗ್ಗಿ ಎಂಟನ್ನೂ ನೋಡಿದ. ಆಮೇಲೆ ಹೇಳಿದ: "ಪೂಜಿ ಚಲೋ ಆಗೇತ್ರಿ. ಎಲ್ಲಾರೂ ನಮಸ್ಕಾರ ಮಾಡ್ಯಾರ."

೫. ಗಜೇಂದ್ರಗಡ

ವ್ಯಾಪಾರಿಗೆ ಹೇಳಬೇಕಿತ್ತು. ಅಷ್ಟೊತ್ತಿಗೆ ಅವರು ಬಸ್ ಪಾಸ್ ತೆಗೆಸಿ, ಸೀರೆ ಗಂಟು ಹೆಗಲ ಮೇಲೆ ಹೊತ್ತು ಸಂತೆ ಮಾಡುತ್ತಿದ್ದರು. ಅರ್ಧ ಮಾಲನ್ನೂ ಒಯ್ಯಲು ಆಗುತ್ತಿರಲಿಲ್ಲ. ನಾನು ಬದುಕಿನಲ್ಲಿ "ನನ್ನ ತಪ್ಪು" ಅಂದವನಲ್ಲ. ಬಸ್ಸಿನಲ್ಲಿ ಒಂದು ತಾಸು ಬಾಯಿಪಾಠ ಮಾಡಿಕೊಂಡು ಹೋದೆ. ಪಕ್ಕದಲ್ಲಿ ಕೂತಾಕೆ ಎದ್ದು ಹಿಂದಿನ ಸೀಟಿಗೆ ಹೋದಳು.

ಅವರ ಮನೆ ಪಡಸಾಲೆಯಲ್ಲಿ ಮುದಿ ತಾಯಿ ಸೀರೆ ಮಡಚುತ್ತಿದ್ದರು. ವ್ಯಾಪಾರಿ ಚಹಾ ತರಿಸಿದರು.

"ಇಂಜಿನ್ ಹೋತು. ತಪ್ಪು ನಂದು" ಅಂದೆ.

ಅವರು ನಕ್ಕರು. "ನಿಮ್ಮ ಕೈಲೆ ತಪ್ಪಾಗೂದಿಲ್ಲ ಕಾಕಾ. ಬೆಲ್ಟ್ ಕೊಟ್ಟಾಂವ ಮೋಸ ಮಾಡ್ಯಾನ. ದೊಡ್ಡ ಮನಸು ನಿಮ್ಮದು, ಮಂದಿ ತಪ್ಪು ಮೈಮ್ಯಾಲ ಹಾಕ್ಕೋತೀರಿ."

"ಅಲ್ಲ. ನಂದ."

"ಡೀಸೆಲ್ ಕೆಟ್ಟದ್ದಿರಬೇಕ್ರಿ."

"ಡೀಸೆಲ್ ಚಲೋ ಐತಿ. ಗೆರಿ ತಪ್ಪಿಸಿದೆ. ಕೈಲೆ ತಿರುಗಿಸಿ ನೋಡ್ಲಿಲ್ಲ. ಕಣ್ಣು ಕಾಣೂದಿಲ್ಲ."

"ಹಂಗ್ಯಾಕ ಅಂತೀರಿ ಕಾಕಾ, ಮನಸಿಗೆ ಹಚ್ಚಿಕೋಬ್ಯಾಡ್ರಿ."

ನನಗೆ ಸಿಟ್ಟು ಬಂತು. ನಲವತ್ತು ವರ್ಷ ತಪ್ಪು ಒಪ್ಪದೆ ಜಗಳಾಡಿದ್ದೆ. ಅಂದು ತಪ್ಪು ನನ್ನದೇ ಎಂದು ಜಗಳಕ್ಕೆ ನಿಂತೆ. ಕಿಸೆಯಿಂದ ಬಗ್ಗಿದ ವಾಲ್ವ್ ತೆಗೆದು ಚಹಾದ ಬಸಿಯಲ್ಲಿ ಇಟ್ಟೆ. ಕೆಟ್ಟದ್ದೆಲ್ಲ ನನ್ನ ಖರ್ಚಿನಲ್ಲೇ ಹಾಕಿಕೊಡುತ್ತೇನೆ, ನಾನೇ ಕೂಡಿಸುತ್ತೇನೆ, ಹದಿನೈದು ದಿನದಲ್ಲಿ ಗಾಡಿ ಮನೆ ಮುಂದೆ ನಿಲ್ಲಿಸುತ್ತೇನೆ ಎಂದೆ. ಅಷ್ಟು ಮಾತನ್ನು ನಾನು ಮದುವೆಯಲ್ಲೂ ಆಡಿರಲಿಲ್ಲ.

ವ್ಯಾಪಾರಿ ವಾಲ್ವ್ ನೋಡಿದರು, ನನ್ನನ್ನು ನೋಡಿದರು. "ಖರೇ ಅಂತೀರೇನ್ರಿ?"

"ಖರೇನ."

"ತಿರುಗಿ ನೀವ ಕೂಡಸ್ತೀರಿ?"

"ನಾನ."

ತಾಯಿ ಮಡಚುವುದನ್ನು ನಿಲ್ಲಿಸಲಿಲ್ಲ. "ಬೇಟಾ," ಅಂದರು, "ಬಸ್ ಪಾಸ್ ಇನ್ನೊಂದು ತಿಂಗಳದ್ದು ತೆಗಸಿಬಿಡು."

ಗಾಡಿಯನ್ನು ಹದಿನಾಲ್ಕನೇ ದಿನಕ್ಕೆ ಒಯ್ದು ಕೊಟ್ಟೆ. ಈಗಲೂ ಚಲೋ ಓಡುತ್ತದೆ. ಪಾಸ್ ಮಾತ್ರ ತಾಯಿ ಮಗನಿಂದ ಪ್ರತಿ ತಿಂಗಳೂ ತೆಗೆಸುತ್ತಾರೆ.